ಮುಂದಿನ ತಿರುವಿಗೊಂದು ಜೋಡಿ ಸ್ಕೀ

ತೊಪ್ಪೂರು ಘಾಟಿಯಲ್ಲಿ ಲಾರಿಗಳು ಏದುಸಿರು ಬಿಡುತ್ತಾ ಹತ್ತುವ ರಸ್ತೆ ರಾಷ್ಟ್ರೀಯ ಹೆದ್ದಾರಿ 44. ಅದರ ಒಂದು ತುದಿ ಕನ್ಯಾಕುಮಾರಿ, ಇನ್ನೊಂದು ತುದಿ ಶ್ರೀನಗರ. ಸೇಲಂ, ಧರ್ಮಪುರಿ, ಕೃಷ್ಣಗಿರಿ, ಹೊಸೂರು, ಬೆಂಗಳೂರು ಎಲ್ಲವೂ ಇದೇ ದಾರಿಯ ಊರುಗಳು. ಶ್ರೀನಗರದಿಂದ ಹಿಮದ ಊರಾದ ಗುಲ್ಮಾರ್ಗ್‌ಗೆ ಸುಮಾರು 50 ಕಿಲೋಮೀಟರ್. ಶೆವರಾಯ್ ಬೆಟ್ಟದ ಏರ್ಕಾಡು 1,500 ಮೀಟರ್ ಎತ್ತರದಲ್ಲಿದ್ದರೂ ಅಲ್ಲಿ ಸಿಗುವುದು ತಂಪು ಮತ್ತು ಮಳೆ ಮಾತ್ರ. ಗುಲ್ಮಾರ್ಗ್ ಇರುವುದು ಸುಮಾರು 2,650 ಮೀಟರ್ ಎತ್ತರದಲ್ಲಿ. ಅಲ್ಲಿನ ಗೊಂಡೋಲಾ ಎಂಬ ಕೇಬಲ್ ಕಾರ್ ಏರಿ ಅಫರ್ವತ್ ಬೆಟ್ಟದ ಹೆಗಲಿಗೆ ಹೋದರೆ 3,900 ಮೀಟರ್ ದಾಟುತ್ತೇವೆ. ಹಿಮವೇ ಬೀಳದ ಊರಿನಲ್ಲಿ ಹುಟ್ಟಿದ ಹೆಣ್ಣುಮಗಳೊಬ್ಬಳು ಕಾಲಿಗೆ ಸ್ಕೀ ಕಟ್ಟುವುದು ಈಗ ಅಪರೂಪವಲ್ಲ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು ಆಡುತ್ತಾ ಬೆಳೆದು, ಬೆಂಗಳೂರಿನಲ್ಲಿ ಕೆಲಸ ಹಿಡಿದು, ಅಲ್ಲಿಂದ ಡೆನ್ವರ್‌ಗೋ ಸಿಯಾಟಲ್‌ಗೋ ಮ್ಯೂನಿಕ್‌ಗೋ ಹೋದವರಿಗೆ ಚಳಿಗಾಲದ ಶನಿವಾರ ಎಂದರೆ ಬೆಟ್ಟ. ದೇಶದಲ್ಲೇ ಉಳಿದವರಿಗೆ ಗುಲ್ಮಾರ್ಗ್ ಇದೆ, ಉತ್ತರಾಖಂಡದ ಔಲಿ ಇದೆ.

ಮೊದಲ ವರ್ಷ ಯಾರೂ ಸ್ಕೀ ಆರಿಸುವುದಿಲ್ಲ. ಬಾಡಿಗೆ ಅಂಗಡಿಯವರು ಕೊಟ್ಟದ್ದನ್ನು ಹಾಕಿಕೊಂಡು, ಎರಡು ಸ್ಕೀಗಳ ಮೂತಿ ಒಟ್ಟುಗೂಡಿಸಿ, ಹಿಂಬದಿ ಅಗಲಿಸಿ, ನಿಧಾನವಾಗಿ ಜಾರುತ್ತಾ ನಿಲ್ಲುವುದನ್ನು ಕಲಿಯುತ್ತಾರೆ. ಕಷ್ಟ ಎದುರಾಗುವುದು ಆಮೇಲೆ. ಎರಡೂ ಸ್ಕೀಗಳನ್ನು ಸಮಾನಾಂತರವಾಗಿ ಇಟ್ಟು ತಿರುಗುವುದು ಬಂದಿದೆ, ಸಾಧಾರಣ ಇಳಿಜಾರಿನಲ್ಲಿ ಭಯ ಹೋಗಿದೆ, ಹದಗೊಳಿಸಿದ ಹಾದಿಯ ಅಂಚಿನಲ್ಲಿ ಬಿದ್ದಿರುವ ಹೊಸ ಹಿಮ ಕರೆಯುತ್ತಿದೆ. ಆದರೆ ಕಾಲಿನ ಕೆಳಗಿನ ಸ್ಕೀ ಇನ್ನೂ ಹಳೆಯ ಪಾಠಕ್ಕೇ ಸರಿಯಾಗಿ ಕೂತಿದೆ. ವೇಗ ಹೆಚ್ಚಾದ ಕೂಡಲೇ ಅದರ ಮೂತಿ ಪಟಪಟ ಬಡಿಯುತ್ತದೆ. ಹಿಮ ಗಟ್ಟಿಯಾದ ಕಡೆ ಅಂಚು ಕಚ್ಚದೆ ಜಾರುತ್ತದೆ. ಇಂಥ ಹೊತ್ತಿನಲ್ಲಿ ತಪ್ಪು ಜೋಡಿ ಕೊಂಡರೆ ಕಲಿಕೆ ಅಲ್ಲಿಗೇ ನಿಲ್ಲುತ್ತದೆ. ಸರಿಯಾದ ಜೋಡಿ ಸಿಕ್ಕರೆ ಎರಡು ಚಳಿಗಾಲದಲ್ಲಿ ಆಕೆ ಬೇರೆಯೇ ಸ್ಕೀಯರ್ ಆಗುತ್ತಾಳೆ. ಆಲ್-ಮೌಂಟನ್ ಎಂದು ಕರೆಸಿಕೊಳ್ಳುವ, ಬೆಟ್ಟದ ಎಲ್ಲ ಬಗೆಯ ಹಿಮಕ್ಕೂ ಒಗ್ಗುವ ಸ್ಕೀಗಳು ಹುಟ್ಟಿದ್ದೇ ಇಂಥವರಿಗಾಗಿ.

ಹಾದಿ ಮಾಡಿದವರು

ಈ ಆಟದಲ್ಲಿ ನಮ್ಮ ಹೆಣ್ಣುಮಕ್ಕಳ ಚರಿತ್ರೆ ಚಿಕ್ಕದು, ಆದರೆ ಗಟ್ಟಿ. 1988ರ ಕ್ಯಾಲ್ಗರಿ ಒಲಿಂಪಿಕ್ಸ್‌ನ ಸ್ಲಾಲಂ, ಅಂದರೆ ಕಂಬಗಳ ನಡುವೆ ತಿರುಗುತ್ತಾ ಇಳಿಯುವ ಸ್ಪರ್ಧೆಯಲ್ಲಿ ಶೈಲಜಾ ಕುಮಾರ್ ಇಳಿದರು. ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಭಾರತದ ಮೊದಲ ಮಹಿಳೆ ಅವರು. 2006ರಲ್ಲಿ ಟ್ಯೂರಿನ್‌ನಲ್ಲಿ ನೇಹಾ ಅಹುಜಾ ಸ್ಪರ್ಧಿಸಿದರು. ಮನಾಲಿ ಬಳಿಯ ಬುರುವಾ ಗ್ರಾಮದ ಆಂಚಲ್ ಠಾಕೂರ್ 2018ರ ಜನವರಿಯಲ್ಲಿ ಟರ್ಕಿಯ ಎರ್ಜುರುಮ್‌ನಲ್ಲಿ ಸ್ಲಾಲಂ ಕಂಚು ಗೆದ್ದಾಗ ಅಂತರರಾಷ್ಟ್ರೀಯ ಸ್ಕೀಯಿಂಗ್‌ನಲ್ಲಿ ದೇಶಕ್ಕೆ ಸಿಕ್ಕ ಮೊದಲ ಪದಕ ಎಂದು ಇಡೀ ದೇಶ ಅದನ್ನು ಕೊಂಡಾಡಿತು.

ಕನ್ನಡ ನಾಡಿನ ಹೆಸರು ಈ ಸಾಲಿಗೆ ಸೇರಿದ್ದು ಕೊಡಗಿನ ತೆಕ್ಕಡ ಭವಾನಿ ನಂಜುಂಡ ಅವರಿಂದ. ಕಾಫಿ ತೋಟದ ಜಿಲ್ಲೆಯಿಂದ ಬಂದ ಅವರು ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದಲ್ಲಿ ಕರ್ನಾಟಕಕ್ಕೆ ಚಿನ್ನ ತಂದರು. 2025ರಲ್ಲಿ ಚಿಲಿಯಲ್ಲಿ ನಡೆದ ಅಂತರರಾಷ್ಟ್ರೀಯ ಸ್ಪರ್ಧೆಯ 5 ಕಿಲೋಮೀಟರ್ ಓಟದಲ್ಲಿ ಕಂಚು ಗೆದ್ದರು. ಅವರದು ಕ್ರಾಸ್-ಕಂಟ್ರಿ, ಅಂದರೆ ಏರು, ತಗ್ಗು, ಬಯಲು ಎಲ್ಲವನ್ನೂ ಸ್ವಂತ ಬಲದಿಂದ ಕ್ರಮಿಸುವ ಸ್ಕೀಯಿಂಗ್. ಅಲ್ಲಿನ ಸ್ಕೀ ತೆಳ್ಳಗೆ, ಹಗುರ; ಹಿಮ್ಮಡಿ ಕಟ್ಟಿರುವುದಿಲ್ಲ, ಬೆರಳ ಬುಡ ಮಾತ್ರ ಬೂಟನ್ನು ಸ್ಕೀಗೆ ಹಿಡಿದಿಡುವ ಬೈಂಡಿಂಗ್‌ನಲ್ಲಿ ಕೂತಿರುತ್ತದೆ.

ಇಳಿಜಾರಿನ ಸ್ಕೀ ಕೊಳ್ಳುವವರು ಕ್ರಾಸ್-ಕಂಟ್ರಿಯವರಿಂದ ಕಲಿಯಬೇಕಾದ ಒಂದು ಮಾತಿದೆ. ಅವರು ಸ್ಕೀ ಆರಿಸುವಾಗ ಎತ್ತರಕ್ಕಿಂತ ಮೊದಲು ತೂಕ ನೋಡುತ್ತಾರೆ. ಸ್ಕೀಯ ನಡುವಿನ ಕಮಾನು ಆಕೆಯ ಭಾರಕ್ಕೆ ಎಷ್ಟು ಬಗ್ಗುತ್ತದೆ, ಒಂದೇ ಕಾಲಿನ ಮೇಲೆ ನಿಂತಾಗ ಹಿಮಕ್ಕೆ ತಾಗುತ್ತದೆಯೇ ಎಂಬುದರ ಮೇಲೆ ಓಟವೇ ನಿಂತಿದೆ. ಇಳಿಜಾರಿನ ಸ್ಕೀಯನ್ನು ಮಾತ್ರ ನಾವು ಇಂದಿಗೂ ಗೋಡೆಗೆ ಒರಗಿಸಿ ಗಲ್ಲಕ್ಕೆ ಬಂತೇ, ಮೂಗಿಗೆ ಬಂತೇ ಎಂದು ಅಳೆಯುತ್ತೇವೆ. 160 ಸೆಂಟಿಮೀಟರ್ ಎತ್ತರದ ಇಬ್ಬರು ಹೆಂಗಸರಲ್ಲಿ ಒಬ್ಬಳು 48 ಕಿಲೋ, ಇನ್ನೊಬ್ಬಳು 68 ಕಿಲೋ ಇದ್ದರೆ ಇಬ್ಬರಿಗೂ ಒಂದೇ ಸ್ಕೀ ಕೊಡುವುದು ಸರಿಯಲ್ಲ. ಹಗುರ ಮೈಯವಳು ಆ ಸ್ಕೀಯನ್ನು ಬಗ್ಗಿಸಲಾರಳು. ಬಗ್ಗದ ಸ್ಕೀ ತಿರುಗುವುದಿಲ್ಲ.

ಮೊದಲು ಬೂಟು

ಸ್ಕೀಗಿಂತ ಮೊದಲು ಬೂಟು ಕೊಳ್ಳಬೇಕು. ಹಣ ಒಂದಕ್ಕೇ ಸಾಲುವುದಾದರೆ ಬೂಟು ಕೊಂಡು ಸ್ಕೀಯನ್ನು ಬಾಡಿಗೆಗೆ ತೆಗೆದುಕೊಳ್ಳಬೇಕು. ಈ ವಿಷಯದಲ್ಲಿ ನನಗೆ ಎರಡನೇ ಅಭಿಪ್ರಾಯವಿಲ್ಲ. ಸ್ಕೀಗೆ ಆಜ್ಞೆ ಹೋಗುವುದು ಕಣಕಾಲಿನಿಂದ, ಅದೂ ಬೂಟಿನ ಮೂಲಕ. ಬೂಟಿನೊಳಗೆ ಹಿಮ್ಮಡಿ ಮೇಲೇಳುತ್ತಿದ್ದರೆ ಎಂಥ ದುಬಾರಿ ಸ್ಕೀಯೂ ಮಾತು ಕೇಳುವುದಿಲ್ಲ.

ಬೂಟಿನ ಅಳತೆ ಸೆಂಟಿಮೀಟರ್ ಲೆಕ್ಕದಲ್ಲಿರುತ್ತದೆ; ಪಾದ 23.5 ಸೆಂಟಿಮೀಟರ್ ಉದ್ದವಿದ್ದರೆ ಬೂಟೂ 23.5. ಪರೀಕ್ಷೆ ಸರಳ. ಒಳಗಿನ ಮೆತ್ತನೆಯ ಲೈನರ್ ಹೊರತೆಗೆದು ಬರಿಯ ಪ್ಲಾಸ್ಟಿಕ್ ಚಿಪ್ಪಿನೊಳಗೆ ಕಾಲಿಡಿ. ಬೆರಳ ತುದಿ ಮುಂದಕ್ಕೆ ಹಗುರವಾಗಿ ತಾಗುವಂತೆ ನಿಂತು, ಹಿಮ್ಮಡಿಯ ಹಿಂದೆ ಎಷ್ಟು ಜಾಗ ಉಳಿದಿದೆ ನೋಡಿ. ಒಂದೂವರೆಯಿಂದ ಎರಡು ಸೆಂಟಿಮೀಟರ್ ಇದ್ದರೆ ಸರಿ. ಮೂರು ಇದ್ದರೆ ಬೂಟು ದೊಡ್ಡದು, ಅಂಗಡಿಯವರು ಎಷ್ಟೇ ಹಿತವಾಗಿದೆ ಎಂದರೂ ಬೇಡ ಅನ್ನಿ. ಲೈನರ್ ಹಾಕಿ ಬಕಲ್ ಬಿಗಿದು ನೆಟ್ಟಗೆ ನಿಂತಾಗ ಬೆರಳು ಮುಂದಕ್ಕೆ ಮುಟ್ಟಬೇಕು, ಮಂಡಿ ಬಾಗಿಸಿದಾಗ ಬಿಟ್ಟುಕೊಳ್ಳಬೇಕು. ಚಪ್ಪಲಿಯಲ್ಲೇ ಬೆಳೆದ ನಮ್ಮ ಪಾದಗಳು ಮುಂಭಾಗದಲ್ಲಿ ಅಗಲವಾಗಿರುವುದು ಸಾಮಾನ್ಯ. ಅದಕ್ಕೆಂದು ಉದ್ದದ ಬೂಟಿಗೆ ಹೋಗದೆ ಅಗಲದ ಬೂಟು ಕೇಳಬೇಕು. 98 ಮಿಲಿಮೀಟರ್‌ನಿಂದ 104ರವರೆಗೂ ಅಗಲಗಳಿವೆ.

ಹೆಂಗಸರ ಮೀನಖಂಡ ಗಂಡಸರದಕ್ಕಿಂತ ಕೆಳಗಿನವರೆಗೂ ಇಳಿದಿರುತ್ತದೆ. ಗಂಡಸರ ಎತ್ತರದ ಬೂಟಿನ ಕಾಲರ್ ಆ ಸ್ನಾಯುವನ್ನು ಹಿಂದಿನಿಂದ ತಳ್ಳಿ ಇಡೀ ಮೈಯನ್ನು ಮುಂದಕ್ಕೋ ಹಿಂದಕ್ಕೋ ಸರಿಸುತ್ತದೆ, ನಡುವಿನಲ್ಲಿ ನಿಲ್ಲಲು ಬಿಡುವುದಿಲ್ಲ. ಮಹಿಳೆಯರ ಬೂಟಿನ ಕಾಲರ್ ತಗ್ಗಾಗಿ, ಮೇಲ್ಭಾಗದಲ್ಲಿ ಅಗಲವಾಗಿ ಇರುವುದು ಇದಕ್ಕೇ. ಬೂಟಿನ ಗಡಸುತನಕ್ಕೆ ಫ್ಲೆಕ್ಸ್ ಅಂಕಿ ಇರುತ್ತದೆ. ಕಲಿಕೆಯ ಮಧ್ಯದಲ್ಲಿರುವವರಿಗೆ 75ರಿಂದ 90 ಸಾಕು. ಮೈತೂಕ ಹೆಚ್ಚಿದ್ದು ವೇಗವಾಗಿ ಮುಂದುವರಿಯುತ್ತಿದ್ದರೆ 95.

ಹಿಮ ನೋಡಿ ನಡು ಆರಿಸಿ

ಸ್ಕೀಯ ಮೇಲೆ ಸಾಮಾನ್ಯವಾಗಿ ಮೂರು ಅಂಕಿ ಬರೆದಿರುತ್ತಾರೆ: ಮೂತಿಯ ಅಗಲ, ನಡುವಿನ ಅಗಲ, ಬಾಲದ ಅಗಲ, ಎಲ್ಲವೂ ಮಿಲಿಮೀಟರ್‌ನಲ್ಲಿ. ಇವುಗಳಲ್ಲಿ ಬೂಟಿನ ಕೆಳಗೆ ಬರುವ ನಡುವಿನ ಅಂಕಿಯೇ ಮುಖ್ಯ. ನಡು ಸಣ್ಣದಿದ್ದರೆ ಸ್ಕೀಯನ್ನು ಒಂದು ಅಂಚಿನಿಂದ ಇನ್ನೊಂದಕ್ಕೆ ಹೊರಳಿಸುವುದು ಸುಲಭ, ಗಟ್ಟಿ ಹಿಮದಲ್ಲಿ ಹಿಡಿತ ಹೆಚ್ಚು. ಅಗಲವಿದ್ದರೆ ಸಡಿಲ ಹಿಮದ ಮೇಲೆ ತೇಲುತ್ತದೆ, ಆದರೆ ಅಂಚು ಪಾದದ ಮಧ್ಯದಿಂದ ದೂರ ಹೋಗುವುದರಿಂದ ಗಟ್ಟಿ ಹಿಮದಲ್ಲಿ ಅದನ್ನು ಓರೆ ಮಾಡಿ ನಿಲ್ಲಿಸಲು ಮಂಡಿ ಹೆಚ್ಚು ದುಡಿಯಬೇಕು.

ಧಾರವಾಡದ ಎರೆಭೂಮಿಗೂ ಧರ್ಮಪುರಿಯ ಕೆಂಪು ಮಣ್ಣಿಗೂ ಒಂದೇ ನೇಗಿಲು ಒಗ್ಗುವುದಿಲ್ಲ; ಹಿಮಕ್ಕೂ ಸ್ಕೀಗೂ ಇರುವ ನಂಟು ಅಂಥದ್ದೇ. ಬಾಸ್ಟನ್ ಕಡೆ ನೆಲೆಸಿ ವರ್ಮಾಂಟ್‌ಗೆ, ನ್ಯೂ ಹ್ಯಾಂಪ್‌ಶೈರ್‌ಗೆ ಹೋಗುವವರಿಗೆ ಸಿಗುವುದು ಹೆಚ್ಚಾಗಿ ಯಂತ್ರದಿಂದ ಮಾಡಿದ, ಹಗಲು ಕರಗಿ ರಾತ್ರಿ ಹೆಪ್ಪುಗಟ್ಟಿದ, ಕಲ್ಲಿನಂಥ ಹಾದಿ. ಅಲ್ಲಿ 80ರಿಂದ 86 ಮಿಲಿಮೀಟರ್ ನಡು ಸರಿ. ಡೆನ್ವರ್‌ನವರಿಗೆ ಕೊಲೊರಾಡೊದ ಒಣ ಹಿಮ ಸಿಗುತ್ತದೆ. 88ರಿಂದ 95 ಅಲ್ಲಿಗೆ ಒಳ್ಳೆಯದು. ಸಿಯಾಟಲ್‌ನವರು ಹೋಗುವ ಕ್ಯಾಸ್ಕೇಡ್ ಬೆಟ್ಟಗಳಲ್ಲೂ ಸ್ಯಾನ್ ಹೋಸೆಯವರು ಹೋಗುವ ಟಾಹೋ ಸರೋವರದ ಸುತ್ತಲೂ ಕಡಲ ಕಡೆಯಿಂದ ಬಂದ ಭಾರವಾದ ಒದ್ದೆ ಹಿಮ ಬೀಳುತ್ತದೆ, ಅದು ಸಣ್ಣ ಸ್ಕೀಯ ಮೂತಿಯನ್ನು ಒಳಗೆಳೆದುಕೊಳ್ಳುತ್ತದೆ. 92ರಿಂದ 98 ಬೇಕಾಗುತ್ತದೆ. ಮ್ಯೂನಿಕ್, ಜ್ಯೂರಿಕ್‌ನಲ್ಲಿರುವವರು ಆಲ್ಪ್ಸ್‌ನ ಉದ್ದುದ್ದದ ಹದಗೊಳಿಸಿದ ಹಾದಿಗಳಲ್ಲೇ ದಿನ ಕಳೆಯುವುದರಿಂದ 80ರಿಂದ 88ರಲ್ಲಿ ಸುಖವಾಗಿರುತ್ತಾರೆ.

ಗುಲ್ಮಾರ್ಗ್‌ನ ಕಥೆ ಬೇರೆ. ಅಲ್ಲಿ ಎರಡು ಬೆಟ್ಟಗಳಿವೆ ಎಂದುಕೊಂಡರೆ ಅರ್ಥವಾಗುತ್ತದೆ. ಕೆಳಗಿನ ಬಟ್ಟಲಿನಂಥ ಬಯಲಿನಲ್ಲಿ ಚಿಕ್ಕ ಲಿಫ್ಟ್‌ಗಳು, ಸೌಮ್ಯ ಇಳಿಜಾರು, ಕಲಿಯುವವರ ಗುಂಪು. ಭಾರತೀಯ ಸ್ಕೀಯಿಂಗ್ ಮತ್ತು ಪರ್ವತಾರೋಹಣ ಸಂಸ್ಥೆಯ ತರಬೇತಿಯೂ ಈ ಊರಿನಲ್ಲೇ. ಗೊಂಡೋಲಾದ ಮೊದಲ ಹಂತ ಕೊಂಗ್ಡೂರಿಯಲ್ಲಿ ಮುಗಿಯುತ್ತದೆ. ಎರಡನೇ ಹಂತದಲ್ಲಿ ಅಫರ್ವತ್‌ಗೆ ಹೋದರೆ ಅಲ್ಲಿರುವುದು ಹದಗೊಳಿಸದ, ತೆರೆದ, ಆಳವಾದ ಹಿಮದ ಪರ್ವತ. ಜನವರಿ, ಫೆಬ್ರವರಿಯಲ್ಲಿ ಹಿಮ ಒಣಗಿ ಹಗುರಾಗಿರುತ್ತದೆ. ಮಾರ್ಚ್ ಮಧ್ಯಾಹ್ನಗಳಲ್ಲಿ ಅದೇ ಹಿಮ ಭಾರವಾಗುತ್ತದೆ. ಕೆಳಗೆ ಅಭ್ಯಾಸ ಮಾಡುವವರಿಗೆ 82, 84ರ ನಡು ಸಾಕು. ಮೇಲೆ ಹೋಗುವಷ್ಟು ಪಳಗಿದವರಿಗೆ 95ಕ್ಕಿಂತ ಹೆಚ್ಚು ಬೇಕು. ಒಂದು ಮಾತು ಒತ್ತಿ ಹೇಳಬೇಕು. ಎರಡನೇ ಹಂತದ ಇಳಿಜಾರುಗಳಲ್ಲಿ ಹಿಮಕುಸಿತದ ಅಪಾಯ ನಿಜವಾದದ್ದು. ಅಗಲದ ಸ್ಕೀ ಸಿಕ್ಕಿತು ಎಂಬ ಧೈರ್ಯದಲ್ಲಿ ಅಲ್ಲಿಗೆ ಹೋಗಬಾರದು. ಪರಿಣತ ಗೈಡ್, ಹಿಮದಡಿ ಸಿಕ್ಕವರನ್ನು ಹುಡುಕುವ ಟ್ರಾನ್ಸೀವರ್, ಸಲಿಕೆ, ಶೋಧನೆಯ ಕೋಲು, ಇವನ್ನು ಬಳಸುವ ಅಭ್ಯಾಸ, ಇಷ್ಟೂ ಇರಬೇಕು. ಆ ದಿನದ ಹಿಮಕುಸಿತದ ಎಚ್ಚರಿಕೆಯನ್ನು ನೋಡಿಯೇ ಹೊರಡಬೇಕು.

ಈ ಅಂಕಿಗಳನ್ನು ಓದುವಾಗ ಇನ್ನೊಂದು ವಿಷಯ ನೆನಪಿರಲಿ. ಸ್ಕೀ ತೇಲುವುದು ಮೈತೂಕ ಎಷ್ಟು ಅಗಲಕ್ಕೆ ಹಂಚಿದೆ ಎಂಬುದರ ಮೇಲೆ. ಸ್ಕೀಗಳನ್ನು ಪರೀಕ್ಷಿಸಿ ವಿಮರ್ಶೆ ಬರೆಯುವವರಲ್ಲಿ ಬಹಳ ಮಂದಿ 80 ಕಿಲೋದ ಗಂಡಸರು. ಅವರು ಹೊಸ ಹಿಮಕ್ಕೆ 100 ಬೇಕು ಎಂದರೆ 55 ಕಿಲೋದ ಮಹಿಳೆಗೆ 90ರಲ್ಲೇ ಅಷ್ಟೇ ತೇಲುವಿಕೆ ಸಿಗಬಹುದು. ಗೆಳತಿಯರು ಗುಂಪಾಗಿ ಹೋದಾಗ ಎಲ್ಲರಿಗಿಂತ ಅಗಲದ ಸ್ಕೀ ಇರುವವಳೇ ನಿಪುಣೆ ಎಂಬ ಭಾವನೆ ಹಬ್ಬಿದೆ. ಬೇಡ. ವರ್ಷದ ಬಹುಪಾಲು ದಿನ ಹದಗೊಳಿಸಿದ ಹಾದಿಯಲ್ಲಿರುವವರು ಅಗಲಕ್ಕೆ ಹೋದರೆ ಅಂಚಿನ ಮೇಲೆ ನಿಂತು ತಿರುಗುವ ವಿದ್ಯೆ ಕೈಗೆ ಹತ್ತುವುದು ತಡವಾಗುತ್ತದೆ. ಎಲ್ಲ ಕಡೆ ಒಂದೇ ಜೋಡಿ ಒಯ್ಯುವವರಿಗೆ, ಯಾವ ಬೆಟ್ಟ ಎಂದು ಇನ್ನೂ ಗೊತ್ತಿಲ್ಲದವರಿಗೆ, ನಾನು ಹೇಳುವುದು 88ರ ಆಸುಪಾಸು.

ಉದ್ದ, ಕಮಾನು, ಒಳಗಿನ ಮರ

160 ಸೆಂಟಿಮೀಟರ್ ಎತ್ತರ, 58 ಕಿಲೋ ತೂಕದ, ಮಧ್ಯಮ ಮಟ್ಟ ದಾಟುತ್ತಿರುವ ಮಹಿಳೆಗೆ 150ರಿಂದ 158 ಸೆಂಟಿಮೀಟರ್ ಉದ್ದ ಸರಿಯಾದ ವ್ಯಾಪ್ತಿ. ಹೆದರಿಕೆ ಇನ್ನೂ ಉಳಿದಿದ್ದರೆ 150ರ ಕಡೆ, ವೇಗ ಇಷ್ಟವಾಗತೊಡಗಿದ್ದರೆ 158ರ ಕಡೆ. ಮೂತಿ ಬಹಳ ಮೇಲೆ ಬಾಗಿರುವ ಸ್ಕೀಯಲ್ಲಿ ಹಿಮಕ್ಕೆ ತಾಗುವ ಉದ್ದ ಕಡಿಮೆಯಾಗುವುದರಿಂದ ಅಂಥದ್ದನ್ನು ಸ್ವಲ್ಪ ಉದ್ದವಾಗಿಯೇ ಆರಿಸಬಹುದು.

ಆ ಬಾಗು ಇತ್ತೀಚಿನದು. ಅದಕ್ಕೂ ಮೊದಲು ಬದಲಾದದ್ದು ಪಕ್ಕದ ಆಕಾರ. ದಶಕಗಳ ಕಾಲ ಸ್ಕೀಗಳು ಬಹುಮಟ್ಟಿಗೆ ನೇರವಾಗಿ, ಉದ್ದವಾಗಿ ಇದ್ದವು. ಅಮೆರಿಕದ ಹೊವಾರ್ಡ್ ಹೆಡ್ 1950ರಲ್ಲಿ ಲೋಹದ ಹಾಳೆಯ ಸ್ಕೀ ಮಾರುಕಟ್ಟೆಗೆ ತಂದಾಗಲೂ ಆಕಾರ ಹೆಚ್ಚುಕಡಿಮೆ ನೇರವೇ. 1993ರಲ್ಲಿ ಸ್ಲೊವೇನಿಯಾದ ಎಲಾನ್ ಕಂಪನಿ ನಡು ಸಣ್ಣ ಮಾಡಿ ಎರಡು ತುದಿ ಅಗಲಿಸಿದ ಎಸ್‌ಸಿಎಕ್ಸ್ ತಂದಿತು. ಓರೆ ಮಾಡಿದರೆ ಸಾಕು, ಸ್ಕೀ ತಾನೇ ವೃತ್ತದಲ್ಲಿ ಹೋಗತೊಡಗಿತು. ಬಲಕ್ಕಿಂತ ಹದ ಮುಖ್ಯವಾಯಿತು. ಇಷ್ಟು ಹೆಂಗಸರು ಈ ಆಟಕ್ಕೆ ಬರಲು ಈ ಒಂದು ಬದಲಾವಣೆ ಬೇರೆಲ್ಲಕ್ಕಿಂತ ಹೆಚ್ಚು ನೆರವಾಯಿತು ಎಂದೇ ನಾನು ನಂಬಿದ್ದೇನೆ. ಆಮೇಲೆ 2002ರಲ್ಲಿ ಶೇನ್ ಮೆಕಾಂಕಿ ಯೋಚಿಸಿದ, ವೊಲಾಂಟ್ ತಯಾರಿಸಿದ ಸ್ಪ್ಯಾಟುಲಾ ಸ್ಕೀ ಎರಡೂ ತುದಿ ಮೇಲಕ್ಕೆ ಬಾಗಿ ಆಳ ಹಿಮದಲ್ಲಿ ತೇಲಿತು. ಈಗಿನ ಆಲ್-ಮೌಂಟನ್ ಸ್ಕೀ ಈ ಎರಡು ಯೋಚನೆಗಳ ಕೂಡಿಕೆ: ಸಣ್ಣ ನಡು, ಮೂತಿಯಲ್ಲಿ ಮೇಲ್ಬಾಗು; ಪಾದದ ಕೆಳಗೆ ಹಳೆಯ ಕಮಾನೂ ಉಳಿದಿದೆ. ಕಮಾನು ಅಂಚನ್ನು ಹಿಮಕ್ಕೆ ಒತ್ತುತ್ತದೆ, ಮೇಲ್ಬಾಗು ತಿರುವನ್ನು ಸುಲಭವಾಗಿ ಆರಂಭಿಸುತ್ತದೆ. ಕಲಿಯುತ್ತಿರುವವರಿಗೆ ಇವೆರಡೂ ಇರಬೇಕು. ಬಾಲದಲ್ಲಿ ಮಾತ್ರ ಹೆಚ್ಚು ಬಾಗು ಬೇಡ. ತಿರುವು ಮುಗಿಸುವಾಗ ಒರಗಲು ಆಧಾರ ಸಿಗುವುದಿಲ್ಲ.

ಒಳಗೆ ಏನಿದೆ ಎಂಬುದು ಬೆಲೆಯನ್ನೂ ಸ್ವಭಾವವನ್ನೂ ತೀರ್ಮಾನಿಸುತ್ತದೆ. ಒಳ್ಳೆಯ ಸ್ಕೀಗಳ ಒಡಲು ಮರದ್ದು: ಪಾಪ್ಲರ್, ಬೀಚ್, ಹಗುರಕ್ಕೆ ಪೌಲೋನಿಯಾ. ಅದರ ಮೇಲೆ ಕೆಳಗೆ ಗ್ಲಾಸ್ ಫೈಬರ್. ಕೆಲವಲ್ಲಿ ಟೈಟನಲ್ ಎಂಬ ಅಲ್ಯೂಮಿನಿಯಂ ಮಿಶ್ರಲೋಹದ ಹಾಳೆಯೂ ಇರುತ್ತದೆ. ಲೋಹ ಇದ್ದರೆ ವೇಗದಲ್ಲಿ ನಡುಕವಿಲ್ಲ, ಗಟ್ಟಿ ಹಿಮದಲ್ಲಿ ಸ್ಥಿರ. ಆದರೆ ನಿಧಾನವಾಗಿ ಹೋಗುವಾಗ ಅದು ಬಗ್ಗದೆ ಹಟ ಮಾಡುತ್ತದೆ. ನಾರ್ಡಿಕಾದ ಸಾಂಟಾ ಆನಾ, ಫೋಲ್ಕ್ಲ್ ಕಂಪನಿಯ ಕೆಂಜಾ ಲೋಹದ ಬಲವುಳ್ಳವು, ಕಸುವು ಬೇಡುವವು. ಅಟಾಮಿಕ್‌ನ ಮೇವನ್ 86 ಸಿ, ಎಲಾನ್‌ನ ರಿಪ್‌ಸ್ಟಿಕ್ 88 ಡಬ್ಲ್ಯೂ ಲೋಹವಿಲ್ಲದೆ ಹಗುರವಾಗಿ ನಡೆಯುವವು. ರಿಪ್‌ಸ್ಟಿಕ್‌ನಲ್ಲಿ ಎಡಗಾಲಿಗೆ ಒಂದು, ಬಲಗಾಲಿಗೆ ಒಂದು ಎಂದು ಬೇರೆ ಬೇರೆ ರಚನೆ ಇದೆ. ರೊಸಿನಾಲ್‌ನ ಎಕ್ಸ್‌ಪೀರಿಯೆನ್ಸ್ ಡಬ್ಲ್ಯೂ 82 ಹಾದಿಯಲ್ಲಿ ಕಲಿಯುವವರಿಗೆ ಸೌಮ್ಯ. ಬ್ಲಿಝಾರ್ಡ್‌ನ ಬ್ಲ್ಯಾಕ್ ಪರ್ಲ್ 88 ಅಮೆರಿಕದಲ್ಲಿ ವರ್ಷಗಟ್ಟಲೆ ಅತಿ ಹೆಚ್ಚು ಮಾರಾಟವಾದ ಮಹಿಳಾ ಸ್ಕೀಗಳಲ್ಲಿ ಒಂದು. ಹಳೆಯ ಮಾದರಿಗಳು ಕಡಿಮೆ ಬೆಲೆಗೆ ಈಗಲೂ ಸಿಗುತ್ತವೆ. ಹೆಸರುಗಳು, ಅಂಕಿಗಳು ಎರಡು ಮೂರು ವರ್ಷಕ್ಕೊಮ್ಮೆ ಬದಲಾಗುತ್ತಿರುತ್ತವೆ, ಆದ್ದರಿಂದ ಹೆಸರಿಗಿಂತ ರಚನೆ ನೋಡಿ ಕೊಳ್ಳುವುದು ಕ್ಷೇಮ.

ಮಹಿಳೆಯರದ್ದು ಎಂಬ ಚೀಟಿ

ಇಲ್ಲಿ ನನಗೆ ಸಿಟ್ಟು ಬರುವ ವಿಷಯವೊಂದಿದೆ. ಬಹುಕಾಲ ಮಹಿಳೆಯರ ಸ್ಕೀ ಎಂದರೆ ಗಂಡಸರ ಸ್ಕೀಯನ್ನೇ ಗಿಡ್ಡ ಮಾಡಿ, ಮೆತ್ತಗೆ ಮಾಡಿ, ಹೂವಿನ ಬಣ್ಣ ಬಳಿದದ್ದು. ಅಮೆರಿಕದ ಜೀನಿ ಥೋರೆನ್ ದಶಕಗಳ ಹಿಂದೆಯೇ ಇದರ ವಿರುದ್ಧ ದನಿ ಎತ್ತಿ ಊರೂರು ಸುತ್ತಿದರು. ಹೆಂಗಸಿನ ಮೈಭಾರದ ಕೇಂದ್ರ ಗಂಡಸಿನದಕ್ಕಿಂತ ಕೆಳಗೆ, ಹಿಂದಕ್ಕೆ ಇದೆ; ಗಂಡಸಿಗೆಂದು ಗುರುತಿಸಿದ ಜಾಗದಲ್ಲೇ ಬೈಂಡಿಂಗ್ ಕೂರಿಸಿದರೆ ಆಕೆ ಸದಾ ಹಿಂದಕ್ಕೆ ಒರಗಿದಂತೆ ನಿಲ್ಲುತ್ತಾಳೆ, ಆದ್ದರಿಂದ ಬೈಂಡಿಂಗ್ ಮುಂದಕ್ಕೆ ಬರಬೇಕು, ಹಿಮ್ಮಡಿಗೆ ಸ್ವಲ್ಪ ಎತ್ತರ ಕೊಡಬೇಕು ಎಂಬುದು ಅವರ ವಾದ. ಕಂಪನಿಗಳು ನಿಧಾನವಾಗಿ ಕೇಳಿಸಿಕೊಂಡವು. ಇಂದಿನ ಒಳ್ಳೆಯ ಮಹಿಳಾ ಸ್ಕೀಗಳಲ್ಲಿ ಬೈಂಡಿಂಗ್ ಗುರುತು ಮುಂದೆ ಇದೆ, ಮರದ ಹದ ಬೇರೆ ಇದೆ, 140 ಸೆಂಟಿಮೀಟರ್ ಚಿಲ್ಲರೆಯಿಂದ ಉದ್ದಗಳು ಸಿಗುತ್ತವೆ.

ಆದರೂ ಚೀಟಿಯನ್ನು ಕಣ್ಣುಮುಚ್ಚಿ ನಂಬಬಾರದು. ಕೆಲವು ಜೋಡಿಗಳಲ್ಲಿ ಗಂಡಸರದಕ್ಕೂ ಹೆಂಗಸರದಕ್ಕೂ ಮೇಲಿನ ಬಣ್ಣ ಬಿಟ್ಟರೆ ವ್ಯತ್ಯಾಸವಿಲ್ಲ. ಅದರಿಂದ ತೊಂದರೆಯೂ ಇಲ್ಲ. ಎತ್ತರವಾಗಿ, ಬಲವಾಗಿ ಇರುವ ಮಹಿಳೆಗೆ ಆ ಗಡಸು ಸ್ಕೀಯೇ ಸರಿಯಾಗಬಹುದು. ತೊಂದರೆ ಇರುವುದು ಎರಡು ಕಡೆ. ಒಂದು, ಹೆಂಗಸು ಎಂದ ಕೂಡಲೇ ಅಂಗಡಿಯವರು ಅತಿ ಮೆತ್ತಗಿನ ಆರಂಭದ ಸ್ಕೀ ಕೈಗೆ ಕೊಡುವುದು. ಅದು ಒಂದೇ ಚಳಿಗಾಲದಲ್ಲಿ ಸಾಲದೆ ಹೋಗುತ್ತದೆ. ಇನ್ನೊಂದು ನಮ್ಮ ಮನೆಗಳಲ್ಲೇ ನಡೆಯುವುದು. ಅಣ್ಣನೋ ಯಜಮಾನರೋ ಬಳಸಿ ಬಿಟ್ಟ 172 ಸೆಂಟಿಮೀಟರ್ ಸ್ಕೀ ಗ್ಯಾರೇಜಿನಲ್ಲಿರುತ್ತದೆ, "ಸುಮ್ನೆ ಹೊಸದು ಯಾಕೆ, ಇದನ್ನೇ ಹಾಕ್ಕೋ" ಎನ್ನುತ್ತಾರೆ. ಆಕೆ ಅದರ ಮೇಲೆ ಒದ್ದಾಡಿ, ತನ್ನ ಕೈಲಿ ಆಗುವುದಿಲ್ಲ ಎಂದುಕೊಂಡು ಲಾಡ್ಜಿನಲ್ಲಿ ಕೂತು ಬಿಸಿ ಚಾಕೊಲೇಟ್ ಕುಡಿಯುತ್ತಾಳೆ. ಆಕೆಯಲ್ಲಿ ಯಾವ ಕೊರತೆಯೂ ಇರಲಿಲ್ಲ. ಹದಿನೈದು ಇಪ್ಪತ್ತು ಸೆಂಟಿಮೀಟರ್ ಉದ್ದ ಹೆಚ್ಚಾಗಿತ್ತು, ಅಷ್ಟೇ.

ಮಂಡಿಯ ಮಾತು

ಹವ್ಯಾಸಿ ಸ್ಕೀಯರ್‌ಗಳಲ್ಲಿ ಮಂಡಿಯ ಗಾಯ ಗಂಡಸರಿಗಿಂತ ಹೆಂಗಸರಿಗೆ ಹೆಚ್ಚುಕಡಿಮೆ ಇಮ್ಮಡಿ ಪ್ರಮಾಣದಲ್ಲಿ ಆಗುತ್ತದೆ. ಮಂಡಿಯೊಳಗಿನ ಎಸಿಎಲ್ ಎಂಬ ಅಸ್ಥಿಬಂಧ ಹರಿದ ಹೆಂಗಸರಲ್ಲಿ ಬೀಳುವಾಗ ಬೈಂಡಿಂಗ್ ಬಿಟ್ಟುಕೊಳ್ಳದೇ ಇದ್ದ ಪ್ರಕರಣಗಳು ಗಂಡಸರಿಗಿಂತ ಹೆಚ್ಚು ಎಂದು ಆಸ್ಟ್ರಿಯಾದ ಇನ್ಸ್‌ಬ್ರುಕ್ ವಿಶ್ವವಿದ್ಯಾಲಯದ ಸಂಶೋಧಕರು ಕಂಡುಕೊಂಡಿದ್ದಾರೆ. ಬೈಂಡಿಂಗ್ ಮೂಲತಃ ರೂಪುಗೊಂಡದ್ದು ಕಾಲಿನ ಮೂಳೆ ಮುರಿಯದಂತೆ ಕಾಯಲು. ನಿಧಾನವಾಗಿ ತಿರುಚಿಕೊಂಡು ಬೀಳುವ ಮಂಡಿಯನ್ನು ಅದು ಪೂರ್ತಿ ಕಾಯಲಾರದು. ಹೀಗಿರುವಾಗ ಅದನ್ನು ಅಗತ್ಯಕ್ಕಿಂತ ಬಿಗಿ ಮಾಡಿಕೊಂಡರೆ ಇರುವ ರಕ್ಷಣೆಯೂ ಹೋಗುತ್ತದೆ.

ಬಿಗಿಯ ಅಂಕಿಗೆ ಡಿನ್ ಎನ್ನುತ್ತಾರೆ. ಅದನ್ನು ತೂಕ, ಎತ್ತರ, ವಯಸ್ಸು, ಬೂಟಿನ ಅಡಿಯ ಉದ್ದ ಮತ್ತು ಸ್ಕೀ ಮಾಡುವ ರೀತಿ ಇಷ್ಟನ್ನೂ ಸೇರಿಸಿ ಕೋಷ್ಟಕದಿಂದ ತೆಗೆಯುತ್ತಾರೆ. ಮಧ್ಯಮ ಮಟ್ಟದ ಬಹುತೇಕ ಮಹಿಳೆಯರ ಅಂಕಿ 4ರಿಂದ 7ರ ನಡುವೆ ಬೀಳುತ್ತದೆ. 3ರಿಂದ 10ರವರೆಗೆ ಹೊಂದಿಸಬಲ್ಲ ಬೈಂಡಿಂಗ್ ಆಕೆಗೆ ಯಥೇಚ್ಛ. 13ರವರೆಗೆ ಹೋಗುವ ಭಾರದ ಬೈಂಡಿಂಗ್‌ಗೆ ಹಣ ಸುರಿಯಬೇಕಿಲ್ಲ. ಅಂಗಡಿಯಲ್ಲಿ ತೂಕ ಕೇಳಿದಾಗ ಸಂಕೋಚದಿಂದ ಐದು ಕಿಲೋ ಕಡಿಮೆ ಹೇಳುವುದು, ಮಟ್ಟ ಕೇಳಿದಾಗ ಉತ್ಸಾಹದಿಂದ ಒಂದು ಮೆಟ್ಟಿಲು ಮೇಲೆ ಹೇಳುವುದು, ಎರಡೂ ಅಪಾಯ. ನಿಜ ಹೇಳಿ. ಸ್ಕ್ರೂಡ್ರೈವರ್ ಹಿಡಿದು ನೀವೇ ತಿರುಗಿಸಬೇಡಿ. ಈಚಿನ ಬೂಟುಗಳಲ್ಲಿ ನಡೆಯಲು ಅನುಕೂಲವಾಗುವ ಗ್ರಿಪ್‌ವಾಕ್ ಅಡಿ ಇರುವುದರಿಂದ ಬೈಂಡಿಂಗ್ ಅದಕ್ಕೆ ಹೊಂದುತ್ತದೆಯೇ ಎಂದು ಕೇಳಿ ತಿಳಿದುಕೊಳ್ಳಲೇಬೇಕು.

ಕೈಯಿಟ್ಟು ನೋಡುವುದು

ಹಳೆಯ ಜೋಡಿ ಕೊಳ್ಳುವವರು, ಗುಲ್ಮಾರ್ಗ್ ಪೇಟೆಯಲ್ಲಿ ಬಾಡಿಗೆಗೆ ತೆಗೆದುಕೊಳ್ಳುವವರು ಐದು ನಿಮಿಷ ಕೊಟ್ಟು ಸ್ಕೀಯನ್ನು ಓದಬಹುದು. ಎರಡು ಸ್ಕೀಗಳ ತಳ ತಳಕ್ಕೆ ತಾಗುವಂತೆ ಜೋಡಿಸಿ ಬೆಳಕಿಗೆ ಹಿಡಿಯಿರಿ. ನಡುವೆ ಕಮಾನಿನ ಸಂದು ಕಾಣಬೇಕು. ಒಂದೇ ಕೈಯಿಂದ ಹಿಸುಕಿದರೆ ಆ ಸಂದು ಮುಚ್ಚಿ, ಬಿಟ್ಟರೆ ಮತ್ತೆ ತೆರೆಯಬೇಕು. ಸಂದೇ ಇಲ್ಲದಿದ್ದರೆ ಸ್ಕೀ ಸೋತಿದೆ. ಮೂತಿಗೆ ಇನ್ನೂ ಎಷ್ಟು ದೂರ ಇರುವಾಗಲೇ ಎರಡು ಸ್ಕೀಗಳು ಅಗಲುತ್ತವೆ ನೋಡಿ, ಅದೇ ಮೇಲ್ಬಾಗಿನ ಉದ್ದ. ಆಮೇಲೆ ಒಂದು ಸ್ಕೀಯ ಬಾಲವನ್ನು ನೆಲಕ್ಕೆ ಊರಿ, ಮೂತಿ ಹಿಡಿದು, ನಡುವನ್ನು ಅಂಗೈಯಿಂದ ಒತ್ತಿ. ನಿಮ್ಮ ಬಲಕ್ಕೆ ಅದು ಸ್ವಲ್ಪವೂ ಮಣಿಯದಿದ್ದರೆ ಬೆಟ್ಟದ ಮೇಲೂ ಮಣಿಯುವುದಿಲ್ಲ.

ಉಕ್ಕಿನ ಅಂಚಿನ ಮೇಲೆ ಹೆಬ್ಬೆರಳ ಉಗುರನ್ನು ಅಡ್ಡಲಾಗಿ ಮೆಲ್ಲಗೆ ಎಳೆಯಿರಿ. ಉಗುರಿನಿಂದ ಬಿಳಿ ಪುಡಿ ಉದುರಿದರೆ ಅಂಚು ಹರಿತವಾಗಿದೆ. ಜಾರಿಹೋದರೆ ಸಾಣೆ ಬೇಕು. ಅಂಚಿನ ಪಕ್ಕದ ತಳ ಬೆಳ್ಳಗೆ, ಒಣಗಿ, ನವಿರು ಕೂದಲು ಎದ್ದಂತೆ ಕಂಡರೆ ಮೇಣ ಹಾಕಿ ಬಹಳ ದಿನವಾಗಿದೆ. ತಳದಲ್ಲಿ ಮರ ಕಾಣುವಷ್ಟು ಆಳದ ಗೀರು ಇದ್ದರೆ, ಅಂಚು ತಳದಿಂದ ಬಿಟ್ಟುಕೊಂಡಿದ್ದರೆ, ಬೆಲೆ ಎಷ್ಟೇ ಕಡಿಮೆ ಇದ್ದರೂ ಕೆಳಗಿಡಿ. ಬೈಂಡಿಂಗ್ ಹತ್ತು ವರ್ಷಕ್ಕಿಂತ ಹಳೆಯದಾದರೆ ಬಹಳಷ್ಟು ಅಂಗಡಿಗಳು ಅದನ್ನು ಮುಟ್ಟಿ ಹೊಂದಿಸುವುದಿಲ್ಲ, ಆದ್ದರಿಂದ ಅಗ್ಗದ ಜೋಡಿಯ ಜತೆ ಹೊಸ ಬೈಂಡಿಂಗಿನ ಖರ್ಚನ್ನೂ ಲೆಕ್ಕ ಹಾಕಿ.

ಹೊಸದಾದರೆ ಅಮೆರಿಕದ ಅಂಗಡಿಗಳಲ್ಲಿ ಈ ವರ್ಗದ ಸ್ಕೀ ಹೆಚ್ಚಾಗಿ 500ರಿಂದ 800 ಡಾಲರ್, ಬೈಂಡಿಂಗ್ ಬೇರೆ. ಮಾರ್ಚ್, ಏಪ್ರಿಲ್‌ನಲ್ಲಿ ಅದೇ ಜೋಡಿಯ ಬೆಲೆ ಚೆನ್ನಾಗಿ ಇಳಿಯುತ್ತದೆ. ದೊಡ್ಡ ಬೆಟ್ಟಗಳ ಬುಡದಲ್ಲಿ ಡೆಮೊ ಅಂಗಡಿಗಳಿರುತ್ತವೆ. ಬೆಳಗ್ಗೆ 82, ಮಧ್ಯಾಹ್ನ 92 ಎಂದು ಬದಲಿಸಿ ಒಂದೇ ಇಳಿಜಾರಿನಲ್ಲಿ ಹಾಕಿ ನೋಡಬಹುದು. ಬೈಂಡಿಂಗನ್ನು ಒಂದು ಸೆಂಟಿಮೀಟರ್ ಮುಂದಕ್ಕೆ ಸರಿಸಿ ಕೊಡಿ ಎಂದೂ ಕೇಳಬಹುದು, ಡೆಮೊ ಬೈಂಡಿಂಗ್‌ನಲ್ಲಿ ಅದು ಕ್ಷಣದ ಕೆಲಸ. ಆಗ ತಿರುವು ಸಲೀಸಾಗಿ ಶುರುವಾದರೆ ಜೀನಿ ಥೋರೆನ್ ಹೇಳಿದ್ದು ನಿಮ್ಮ ಕಾಲಿಗೇ ತಿಳಿಯುತ್ತದೆ.

ಇನ್ನು ಬೆಂಗಳೂರಿನಿಂದಲೋ ಸೇಲಂನಿಂದಲೋ ವರ್ಷಕ್ಕೊಮ್ಮೆ ಎರಡು ವಾರ ಗುಲ್ಮಾರ್ಗ್‌ಗೆ ಹೋಗುವವರು ಸ್ಕೀ ಕೊಳ್ಳಬೇಕೇ? ನನ್ನ ಉತ್ತರ, ಈಗಲೇ ಬೇಡ. ವಿಮಾನದಲ್ಲಿ ಉದ್ದದ ಚೀಲ ಒಯ್ಯುವ ಖರ್ಚು, ಊರಿನಲ್ಲಿ ಸಾಣೆ ಹಿಡಿಯುವವರು ಇಲ್ಲದಿರುವುದು, ಕೆಳಗೂ ಮೇಲೂ ಬೇರೆ ಬೇರೆ ಸ್ಕೀ ಬೇಕಾಗುವುದು, ಮೂರೂ ಬಾಡಿಗೆಯ ಪರವಾಗಿವೆ. ಬೂಟು ಮಾತ್ರ ಸ್ವಂತದ್ದಿರಲಿ. ವರ್ಷಕ್ಕೆ ಹದಿನೈದು ದಿನಕ್ಕಿಂತ ಹೆಚ್ಚು ಹಿಮದ ಮೇಲೆ ಇರುವವರು, ಮನೆಯಿಂದ ಕಾರಿನಲ್ಲಿ ಬೆಟ್ಟ ಮುಟ್ಟುವವರು ಧಾರಾಳವಾಗಿ ಕೊಳ್ಳಲಿ.

ಕೊಂಡವರು ಬೇಸಿಗೆಗೆ ಊರಿಗೆ ತಂದಿಟ್ಟರೆ ಇಲ್ಲಿನ ಸೆಕೆ, ಮಳೆಗಾಲದ ತೇವ ಎರಡನ್ನೂ ಗಮನದಲ್ಲಿಡಬೇಕು. ಸ್ಕೀಗಳನ್ನು ಒರೆಸಿ ಪೂರ್ತಿ ಒಣಗಿಸಿ, ಅಂಚಿನ ತುಕ್ಕು ತೆಗೆದು, ತಳಕ್ಕೂ ಅಂಚಿಗೂ ದಪ್ಪಗೆ ಮೇಣ ಬಳಿದು, ಹೆರೆಯದೆ ಹಾಗೇ ಬಿಡಿ. ಎರಡನ್ನೂ ಪಟ್ಟಿಯಿಂದ ಬಿಗಿದು ಕಟ್ಟಬೇಡಿ, ಕಮಾನು ಸೋಲುತ್ತದೆ. ತಗಡಿನ ಸೂರಿನ ಅಟ್ಟ, ಬಿಸಿಲಿಗೆ ನಿಂತ ಕಾರಿನ ಡಿಕ್ಕಿ ಬೇಡ. ಪ್ಲಾಸ್ಟಿಕ್ ಚೀಲದಲ್ಲೂ ಮುಚ್ಚಬೇಡಿ. ನೆಲಕ್ಕೆ ತಾಗದಂತೆ ಒಳಕೋಣೆಯ ಮೂಲೆಯಲ್ಲಿ ನಿಲ್ಲಿಸಿ, ಬೂಟಿನ ಬಕಲ್ ಹಗುರವಾಗಿ ಹಾಕಿಟ್ಟರೆ ಚಿಪ್ಪಿನ ಆಕಾರ ಕೆಡದು. ಡಿಸೆಂಬರ್‌ನಲ್ಲಿ ಮೇಣ ಹೆರೆಸಿ, ಅಂಚಿಗೆ ಸಾಣೆ ಹಿಡಿಸಿ, ಬೈಂಡಿಂಗನ್ನು ಅಂಗಡಿಯ ಯಂತ್ರದ ಮೇಲೆ ಇನ್ನೊಮ್ಮೆ ಪರೀಕ್ಷೆ ಮಾಡಿಸಿ. ಅಷ್ಟರಲ್ಲಿ ನಿಮ್ಮ ತೂಕವೋ ಮಟ್ಟವೋ ಬದಲಾಗಿದ್ದರೆ ಡಿನ್ ಅಂಕಿಯೂ ಬದಲಾಗಬೇಕು.